ಆ ಸೆಪ್ಟೆಂಬರ್‌ನ ಲೆಕ್ಕ

ಡೆಟ್ರಾಯಿಟ್‌ನ ಹಳೆಯ ಬೇಸ್‌ಬಾಲ್ ಅಭಿಮಾನಿ ಡಾಯ್ಲ್ ಅಲೆಕ್ಸಾಂಡರ್ ಹೆಸರೆತ್ತಿದರೆ ಸಾಕು, ಪಕ್ಕದವರು ಬಾಯಿ ಹಾಕುತ್ತಾರೆ: ‘ಸ್ಮೋಲ್ಟ್ಜ್‌ನನ್ನು ಕೊಟ್ಟು ತಂದವನಲ್ಲವೇ?’ ಅವನ ನೆನಪು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕು.

1987ರ ಆಗಸ್ಟ್ 12. ಡೆಟ್ರಾಯಿಟ್‌ನ ಟೈಗರ್ಸ್ ತಂಡ ಮೊದಲ ಸ್ಥಾನಕ್ಕಾಗಿ ಟೊರೊಂಟೊದ ಬೆನ್ನು ಹತ್ತಿತ್ತು. ತುರ್ತಾಗಿ ಬೇಕಾಗಿದ್ದವನು ಒಬ್ಬ ಪಿಚರ್. ನಮ್ಮ ಬೌಲರನ ದೂರದ ನೆಂಟ ಅನ್ನಿ. ಆದರೆ ಅವನಿಗೆ ಆರು ಎಸೆತಕ್ಕೊಮ್ಮೆ ಬಿಡುವಿಲ್ಲ. ಅಟ್ಲಾಂಟಾದಿಂದ 36ರ ಅಲೆಕ್ಸಾಂಡರ್ ಬಂದ. ಅವನಿಗೆ ಬದಲಾಗಿ ಹೋದವನು ಕೆಳಹಂತದ ಲೀಗ್‌ನಲ್ಲಿ 4 ಗೆದ್ದು 10 ಸೋತಿದ್ದ 20ರ ಹುಡುಗ, ಜಾನ್ ಸ್ಮೋಲ್ಟ್ಜ್. ಅಲೆಕ್ಸಾಂಡರ್ 11 ಪಂದ್ಯ ಆರಂಭಿಸಿದ. ಹನ್ನೊಂದನ್ನೂ ಟೈಗರ್ಸ್ ಗೆದ್ದಿತು. ಕೊನೆಯ ವಾರಾಂತ್ಯದಲ್ಲಿ ಅದೇ ಟೊರೊಂಟೊ ಡೆಟ್ರಾಯಿಟ್‌ಗೆ ಬಂದು ಮೂರಕ್ಕೆ ಮೂರೂ ಸೋತು, ಮೊದಲ ಸ್ಥಾನ ಬಿಟ್ಟುಕೊಟ್ಟು ಹೋಯಿತು. ಆಮೇಲೆ ಪ್ಲೇಆಫ್‌ನಲ್ಲಿ ಮಿನೆಸೋಟಾ ಎದುರು ಅಲೆಕ್ಸಾಂಡರ್ ಎರಡೂ ಬಾರಿ ಸೋತ. ಸ್ಮೋಲ್ಟ್ಜ್ ಮಾತ್ರ ಅಟ್ಲಾಂಟಾದಲ್ಲಿ ಬೆಳೆದು, 213 ಗೆಲುವು, ಕೊನೆಗೆ ಬಂದು ಗೆಲುವು ಕಾಯ್ದ 154 ಸೇವ್‌ಗಳೊಂದಿಗೆ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಹಾಗಾದರೆ ಆ ವಿನಿಮಯ ಮೂರ್ಖತನವೇ? ಹೌದೆನ್ನುವವರು 2015ರಲ್ಲಿ ಕುಳಿತು 1987ಕ್ಕೆ ತೀರ್ಪು ಬರೆಯುತ್ತಾರೆ. ಮಿಲ್ವಾಕಿಯನ್ನು ನೋಡಿ. 2008ರ ಜುಲೈನಲ್ಲಿ ಅಲ್ಲಿಗೆ ಬಂದ ಸಿ. ಸಿ. ಸಬಾಥಿಯಾ 11 ಗೆದ್ದು ಎರಡೇ ಸೋತ, ಕಡೆಕಡೆಗೆ ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆದ, 1982ರಿಂದ ಬಾಗಿಲು ಮುಚ್ಚಿದ್ದ ಪ್ಲೇಆಫ್‌ಗೆ ತಂಡವನ್ನು ಮುಟ್ಟಿಸಿದ. ಅಲ್ಲಿ ತಂಡ ಮೊದಲ ಸುತ್ತಿನಲ್ಲೇ ಸೋತಿತು, ಅವನು ನ್ಯೂಯಾರ್ಕ್‌ಗೆ ಹೊರಟ. ಆದರೂ ಮಿಲ್ವಾಕಿಯಲ್ಲಿ ಆ ಬೇಸಿಗೆಯ ಮಾತು ಬಂದರೆ ಮುಖಗಳು ಅರಳುತ್ತವೆ. ಕಾರಣ ಸರಳ: ಬದಲಿಗೆ ಕೊಟ್ಟ ಆಟಗಾರರಲ್ಲಿ ಹೆಸರುವಾಸಿಯಾಗಿದ್ದ ಮ್ಯಾಟ್ ಲಪೋರ್ಟಾ ದೊಡ್ಡ ಆಟಗಾರನಾಗಲಿಲ್ಲ. (ಮೈಕೆಲ್ ಬ್ರ್ಯಾಂಟ್ಲಿ ಆದ, ಅದನ್ನು ಯಾರೂ ಎತ್ತುವುದಿಲ್ಲ.) ಎರಡು ಊರುಗಳಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ. ಅಂದಮೇಲೆ ನಾವು ತೂಗುತ್ತಿರುವುದು ನಿರ್ಧಾರವನ್ನಲ್ಲ, ಬಿಟ್ಟುಕೊಟ್ಟ ಹುಡುಗನ ಜಾತಕವನ್ನು.

ತಂಡದ ಆಡಳಿತ ಹತ್ತು ವರ್ಷದ ಜಮಾಖರ್ಚು ಇಡಲಿ, ಅದು ಅದರ ಕೆಲಸ. ಅಭಿಮಾನಿ ಬದುಕುವುದು ಋತುವಿನಿಂದ ಋತುವಿಗೆ. ಆ ಸಲ ಸುಮ್ಮನಿದ್ದು ಎರಡನೆಯವರಾಗಿದ್ದರೆ ಅವನಿಗೆ ಏನು ಉಳಿಯುತ್ತಿತ್ತು?

ಒಂದನ್ನು ಮಾತ್ರ ಒಪ್ಪುತ್ತೇನೆ. ಸ್ಮೋಲ್ಟ್ಜ್ ಮಿಷಿಗನ್‌ನವನೇ, ಲ್ಯಾನ್ಸಿಂಗ್‌ನಲ್ಲಿ ಟೈಗರ್ಸ್ ಅಭಿಮಾನಿಯಾಗಿ ಬೆಳೆದವನು. ಆ ನೋವು ಅಂಕಿಸಂಖ್ಯೆಯದ್ದಲ್ಲ, ಮನೆಯ ಮಗನನ್ನು ಕಳಿಸಿಕೊಟ್ಟದ್ದು. ಅದಕ್ಕೆ ನನ್ನ ಬಳಿ ವಾದವಿಲ್ಲ.