ಗರಸಿನ ಹಾದಿ

ಸಾಲೋಟಗಿಯ ವಿದ್ಯಾಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಕ್ರಿ. ಶ. 945ರ ಶಾಸನ ಸಾರುತ್ತದೆ. ಇಂದು ಆ ಸೀಮೆಯ ಹೊಲದ ಮನೆಯ ಹುಡುಗಿಗೆ ಶಾಲೆ ಮುಟ್ಟಲು ಸೈಕಲ್ಲೇ ಆಸರೆ. ಆದರೆ ಅದು ಎರೆಯ ನೆಲ! ಒಂದು ಮಳೆ ಬಿದ್ದರೆ ಸಾಕು, ಜಿಗುಟು ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗದು; ವಾಹನವನ್ನೇ ಹೊತ್ತು ನಡೆಯಬೇಕು. ಡಾಂಬರು ರಸ್ತೆಯಲ್ಲಿ ಕಬ್ಬಿನ ಲಾರಿಗಳ ಭಯ.

ನಾರಾಯಣಪುರದಿಂದ ಇಂಡಿಯತ್ತ ಕೃಷ್ಣೆಯ ನೀರು ತರುವ ಕಾಲುವೆಯ ಏರಿಯ ಮೇಲೆ ತಪಾಸಣೆಗೆಂದು ಮಾಡಿದ ಹಾದಿಯಿದೆ. ಗರಸು ಹಾಸಿದಲ್ಲಿ ನೀರು ಬೇಗ ಇಳಿಯುತ್ತದೆ, ಗಾಲಿ ಹೂಳುವುದಿಲ್ಲ. ಮಗ್ಗುಲಲ್ಲೇ ನೀರಿದೆಯೆಂಬ ಎಚ್ಚರ ಬೇಕು, ನಿಜ. ಫ್ರಾನ್ಸಿನಲ್ಲಿ 1681ರಲ್ಲಿ ತೆರೆದ ಮಿದಿ ಎಂಬ ಕಾಲುವೆಯ ದಂಡೆಯಲ್ಲಿ ಕುದುರೆಗಳು ದೋಣಿಯೆಳೆದ ಹಾದಿ ಈಗ ಸೈಕಲ್ ಸವಾರರದು. ಅವರಿಗೆ ಅದು ವಿಹಾರ. ಈ ಹುಡುಗಿಗೆ ಶಾಲೆಯ ಮೊದಲ ಗಂಟೆ. ಏರಿ ಕುಸಿದೆಡೆ ನಾಲ್ಕು ಬುಟ್ಟಿ ಗರಸು ಹಾಕಿಸುವವರು ಯಾರೋ!