ಕೊಂಡ ಪುಸ್ತಕದ ತೇಜಸ್ವಾಮ್ಯ

ವಿಜಯನಗರದ ಅರಸರ, ಅವರ ನಂತರ ಕೆಳದಿಯ ನಾಯಕರ ದಾನಶಾಸನಗಳನ್ನು ಓದಿದವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಹೊಸದಲ್ಲ. ಭೂಮಿಯ ಎಲ್ಲೆಗಳನ್ನು ಹೇಳಿ ಮುಗಿಸಿದ ಮೇಲೆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಆ ಭೂಮಿಯಿಂದ ಒದಗಬಹುದಾದ ಎಂಟು ಬಗೆಯ ಭೋಗಗಳನ್ನು ಎಣಿಸುತ್ತದೆ. ಪಡೆದವನು ಅದನ್ನು ದಾನ ಮಾಡಬಹುದು, ಒತ್ತೆ ಇಡಬಹುದು, ಮಾರಬಹುದು, ವಿನಿಮಯ ಮಾಡಿಕೊಳ್ಳಬಹುದು ಎಂದು ಹಲವು ಶಾಸನಗಳು ಸೇರಿಸುತ್ತವೆ. ಅವನ ಸಂತತಿಯವರು ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರಲಿ ಎನ್ನುತ್ತವೆ. ಶಾಸನಪಾಠ ಓದುವ ವಿದ್ಯಾರ್ಥಿಗಳು ಈ ಭಾಗವನ್ನು ರೂಢಿಯ ಒಕ್ಕಣೆಯೆಂದು ಬೇಗನೆ ದಾಟಿಬಿಡುತ್ತಾರೆ. ಆದರೆ ರೂಢಿಯಾಗಿರುವುದರಿಂದಲೇ ಅದಕ್ಕೆ ಬೆಲೆ. ‘ನಿನ್ನದು’ ಎಂಬ ಒಂದು ಮಾತಿನಲ್ಲಿ ಏನೇನು ಅಡಗಿದೆಯೆಂಬುದನ್ನು ಬಿಡಿಸಿ ಹೇಳದಿದ್ದರೆ ಮುಂದೆ ಯಾರಾದರೂ ಅದರಲ್ಲೊಂದನ್ನು ಕಿತ್ತುಕೊಂಡಾರು ಎಂಬ ಅನುಭವ ಆ ಒಕ್ಕಣೆಯ ಹಿಂದಿದೆ.

ಇಂದು ಅಂತರಜಾಲದ ಅಂಗಡಿಯಲ್ಲಿ ಇ-ಪುಸ್ತಕ ಕೊಳ್ಳುವವರಿಗೆ ಸಿಗುವ ಕರಾರಿನ ಒಕ್ಕಣೆ ಇದಕ್ಕೆ ತೀರ ವಿರುದ್ಧವಾದುದು. ಓದುಗ ‘ಕೊಳ್ಳಿರಿ’ ಎಂಬ ಗುಂಡಿ ಒತ್ತುತ್ತಾನೆ, ಹಣ ತೆರುತ್ತಾನೆ. ಬಹುತೇಕ ಯಾರೂ ಓದದ ಆ ಉದ್ದನೆಯ ಕರಾರು ಹೇಳುವುದೇ ಬೇರೆ: ಪುಸ್ತಕ ಮಾರಾಟವಾಗಿಲ್ಲ, ಓದಲು ಪರವಾನಗಿ ಮಾತ್ರ ದೊರೆತಿದೆ, ಅದನ್ನು ಮರುಮಾರಾಟ ಮಾಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಶಾಸನದ ಭಾಷೆಯಲ್ಲಿ ಹೇಳುವುದಾದರೆ ಎಂಟು ಭೋಗಗಳಲ್ಲಿ ಉಳಿದಿರುವುದು ಒಂದೇ. ಅದೂ ಅಂಗಡಿ ನಡೆಯುವವರೆಗೆ, ಅಂಗಡಿಯವನ ಮನಸ್ಸು ಇರುವವರೆಗೆ. ಇದನ್ನು ಕ್ರಯವೆಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ. ಗ್ರಾಹಕನಿಗೆ ಆಗುವ ಅನ್ಯಾಯ ಅಲ್ಲಿಂದಲೇ ಮೊದಲಾಗುತ್ತದೆ.

ಇದು ಬರಿಯ ಶಬ್ದವಿವಾದವಲ್ಲ ಎಂಬುದು 2009ರ ಜುಲೈ ತಿಂಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯ ಕಿಂಡಲ್ ಉಪಕರಣಗಳಲ್ಲಿದ್ದ ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳು ಓದುಗರಿಗೆ ತಿಳಿಸದೆಯೇ, ದೂರದಿಂದಲೇ, ಅಳಿಸಿಹೋದವು. ಅವುಗಳನ್ನು ಮಾರಾಟಕ್ಕೆ ಇಟ್ಟವರಿಗೆ ಅಲ್ಲಿ ಪ್ರಕಟಣೆಯ ಹಕ್ಕು ಇರಲಿಲ್ಲವೆಂಬುದು ಕಾರಣ. ಅಳಿದವುಗಳಲ್ಲಿ ಒಂದು ‘ನೈನ್ಟೀನ್ ಎಯ್ಟಿ-ಫೋರ್’. ಪ್ರಭುತ್ವಕ್ಕೆ ಒಗ್ಗದ ದಾಖಲೆಗಳನ್ನು ಇಲ್ಲವಾಗಿಸುವ ವ್ಯವಸ್ಥೆಯೊಂದನ್ನು ಕುರಿತ ಕಾದಂಬರಿ. ಈ ವಿಪರ್ಯಾಸವನ್ನು ಆಗ ಎಲ್ಲ ಪತ್ರಿಕೆಗಳೂ ಬರೆದವು. ಹಣ ಮರಳಿತು, ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆದರೆ ಸಂಶೋಧಕರು ಗಮನಿಸಬೇಕಾದುದು ಈ ಪ್ರಕರಣದ ಇನ್ನೊಂದು ಸಣ್ಣ ಸಂಗತಿಯನ್ನು. ಶಾಲೆಯ ಪಾಠಕ್ಕೆಂದು ಆ ಕಾದಂಬರಿಯನ್ನು ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ ವಿದ್ಯಾರ್ಥಿಯೊಬ್ಬ ನ್ಯಾಯಾಲಯಕ್ಕೆ ಹೋದ. ಪುಸ್ತಕ ಹೋದ ಮೇಲೆ ಅವನ ಟಿಪ್ಪಣಿಗಳು ಯಾವ ವಾಕ್ಯಕ್ಕೆ ಸಂಬಂಧಿಸಿದವು ಎಂಬುದೇ ತಿಳಿಯದಂತಾಗಿದ್ದವು. ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಕೆಲವು ಸಂದರ್ಭಗಳನ್ನು ಬಿಟ್ಟು ಉಳಿದಂತೆ ಹೀಗೆ ಅಳಿಸುವುದಿಲ್ಲವೆಂದು ಸಂಸ್ಥೆ ಒಪ್ಪಿಕೊಂಡಿತು. ಆ ಶಕ್ತಿ ಮಾತ್ರ ಅದರ ಕೈಯಲ್ಲಿಯೇ ಉಳಿಯಿತು.

ಹತ್ತು ವರ್ಷಗಳ ಮೇಲೆ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಅಲ್ಲಿ ಕೊಂಡ ಪುಸ್ತಕಗಳೆಲ್ಲ ತೆರೆಯದಾದವು. ಬೆಲೆ ಹಿಂದಿರುಗಿಸಿದ್ದಲ್ಲದೆ, ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರುಗಳ ಹೆಚ್ಚುವರಿ ಜಮೆಯೂ ದೊರೆಯಿತು. ಓದುಗನ ಟಿಪ್ಪಣಿಗೆ ಹೀಗೆ ಒಂದು ದರ ನಿಗದಿಯಾಯಿತು! ತಾಡಪತ್ರಗಳ ಅಂಚಿನಲ್ಲಿ ಹಿಂದಿನ ಓದುಗರು ಬರೆದಿಟ್ಟ ಅರ್ಥಗಳು, ಪಾಠಾಂತರಗಳು, ಸಾಲುಗಳ ನಡುವೆ ಇಳಿಸಿದ ಕನ್ನಡ ಟೀಕೆಗಳು ಇಲ್ಲದಿದ್ದರೆ ಹಳಗನ್ನಡ ಕಾವ್ಯಗಳ ಎಷ್ಟು ಪದ್ಯಗಳು ಇಂದು ಅರ್ಥವಾಗುತ್ತಿದ್ದವು ಎಂಬುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ಬಲ್ಲರು. ಆ ಟಿಪ್ಪಣಿಕಾರರಲ್ಲಿ ಹೆಚ್ಚಿನವರ ಹೆಸರು ಕೂಡ ಉಳಿದಿಲ್ಲ. ಓಲೆ ಉಳಿಯಿತು, ಅದರೊಡನೆ ಅವರ ಓದು ಉಳಿಯಿತು.

ಮುದ್ರಿತ ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಇತ್ಯರ್ಥವಾಗಿದೆ. ಅಮೆರಿಕದ ಪ್ರಕಾಶನ ಸಂಸ್ಥೆಯೊಂದು ತನ್ನ ಕಾದಂಬರಿಯೊಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದು, ಮಾರಿದರೆ ಹಕ್ಕಿನ ಉಲ್ಲಂಘನೆಯಾದೀತು ಎಂದು ಅಚ್ಚುಹಾಕಿಸಿತ್ತು. ನ್ಯೂಯಾರ್ಕಿನ ಅಂಗಡಿಯೊಂದು 89 ಸೆಂಟಿಗೆ ಮಾರಿತು. 1908ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅಂಗಡಿಯ ಪರವಾಗಿ ತೀರ್ಪು ಕೊಟ್ಟಿತು: ಒಮ್ಮೆ ಮಾರಿದ ಪ್ರತಿಯ ಮೇಲೆ ಮುಂದಿನ ಮಾರಾಟವನ್ನು ನಿಯಂತ್ರಿಸುವ ಹಕ್ಕು ಪ್ರಕಾಶಕನಿಗೆ ಉಳಿಯುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವೂ ತನ್ನ 14ನೆಯ ಕಲಮಿನಲ್ಲಿ, ಸಾರ್ವಜನಿಕರಿಗೆ ಪ್ರತಿಗಳನ್ನು ನೀಡುವ ಹಕ್ಕಿನಿಂದ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಹೊರಗಿಟ್ಟಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರ ನಿಂತಿರುವುದು ಆ ಒಂದು ವಾಕ್ಯಖಂಡದ ಆಸರೆಯಲ್ಲಿ. ಮರುಮುದ್ರಣವಿಲ್ಲದ ಕೃತಿಯನ್ನು ಅಲ್ಲಿ ಹುಡುಕಿ ತಂದು ಪ್ರಬಂಧ ಬರೆದ ಸಂಶೋಧಕರ ಸಂಖ್ಯೆ ಸಣ್ಣದಲ್ಲ. ಇ-ಪುಸ್ತಕಕ್ಕೆ ಅವೆನ್ಯೂ ರಸ್ತೆ ಇಲ್ಲ. ಯುರೋಪಿನ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ, ಇ-ಪುಸ್ತಕದ ಮರುಮಾರಾಟಕ್ಕೆ ಹಕ್ಕುದಾರರ ಅನುಮತಿ ಬೇಕೇ ಬೇಕು ಎಂದು ಹೇಳಿ ಆ ಬಾಗಿಲನ್ನು ಮುಚ್ಚಿದೆ.

ಮಾರುವ ಹಕ್ಕು ಹೋದುದಕ್ಕಿಂತ ಕೊಡುವ ಹಕ್ಕು ಹೋದುದು ದೊಡ್ಡ ನಷ್ಟ. ಜೈನ ಶ್ರಾವಕಾಚಾರ ಗ್ರಂಥಗಳು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಚತುರ್ವಿಧ ದಾನಗಳನ್ನು ಹೇಳುತ್ತವೆ. ಹಸಿವು, ಭಯ, ರೋಗಗಳ ಸಾಲಿನಲ್ಲಿ ಅಜ್ಞಾನವನ್ನೂ ನಿಲ್ಲಿಸಿ, ಅದಕ್ಕೆ ಗ್ರಂಥದಾನವನ್ನು ಪರಿಹಾರವಾಗಿ ಹೇಳಿದ ಈ ವ್ಯವಸ್ಥೆಯಿಂದಲೇ ಕನ್ನಡದ ಎಷ್ಟೋ ಕೃತಿಗಳು ಬದುಕಿವೆ. ರನ್ನನ ಪೋಷಕಿ, 1007ರ ಶಾಸನದಿಂದ ತಿಳಿಯುವ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! (ಇಂದು ಅಚ್ಚಾದ ಕನ್ನಡ ಸಂಶೋಧನ ಗ್ರಂಥವೊಂದರ ಸಾವಿರ ಪ್ರತಿ ಕರಗಲು ಎಷ್ಟು ವರ್ಷ ಬೇಕೆಂಬುದನ್ನು ಪ್ರಕಾಶಕರೇ ಹೇಳಬೇಕು.) ಒಂದು ಕ್ಷಣಕ್ಕೆ ಸಾವಿರವಲ್ಲ, ಲಕ್ಷ ಪ್ರತಿ ಮಾಡಬಲ್ಲ ತಂತ್ರಜ್ಞಾನ ಕೈಯಲ್ಲಿರುವಾಗ, ಹಣ ತೆತ್ತು ಪಡೆದ ಒಂದೇ ಒಂದು ಪ್ರತಿಯನ್ನು ಶಿಷ್ಯನಿಗೆ ಕೊಡಲಾಗದ ಸ್ಥಿತಿ ಬಂದಿದೆ. ಅತ್ತಿಮಬ್ಬೆ ಇಂದು ಇ-ಪುಸ್ತಕದ ಸಾವಿರ ಪರವಾನಗಿಗಳನ್ನು ಕೊಂಡರೂ ಅವುಗಳನ್ನು ಪಡೆದವರು ಅದನ್ನು ಮುಂದಿನವರಿಗೆ ದಾಟಿಸಲಾರರು. ದಾನದ ಸರಪಳಿ ಒಂದೇ ಕೊಂಡಿಗೆ ಮುಗಿಯುತ್ತದೆ.

ಹಳೆಯ ಕಾಲದಲ್ಲಿ ಬೀಗವೇ ಇರಲಿಲ್ಲವೆಂದು ಹೇಳಿದರೆ ಅದು ಚರಿತ್ರೆಗೆ ದ್ರೋಹ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದವು. ಯಾತ್ರಿಕರಿಗೆ ಅವುಗಳ ದರ್ಶನವಾಗುತ್ತಿತ್ತು, ಅಧ್ಯಯನವಾಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾದಾಗಲೂ ಪ್ರತಿ ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಆದರೂ ಒಂದು ಪ್ರತಿ ಸದ್ದಿಲ್ಲದೆ ಹೊರಬಂತು. ಅದರಿಂದ ಹುಟ್ಟಿದ ಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಮೂಲ ಓಲೆಗಳ ಪಾಠಗಳೂ ಸಂಪಾದಕರಿಗೆ ದೊರೆತು, 16 ಸಂಪುಟಗಳಲ್ಲಿ ಆ ಕಾರ್ಯ ಪೂರೈಸಿತು. ನಿಯಮ ಮೀರಿ ಪ್ರತಿ ಮಾಡಿದವರನ್ನು ಇಂದು ಯಾರೂ ಕಳ್ಳರೆನ್ನುವುದಿಲ್ಲ. ಹಾಗೆಯೇ ಬೀಗ ಹಾಕಿಟ್ಟವರನ್ನು ಸುಲಭವಾಗಿ ನಿಂದಿಸುವುದೂ ಸರಿಯಲ್ಲ. ಅವರ ಬೀಗದ ಒಳಗೆ ಗ್ರಂಥ ಇತ್ತು, ಸಾವಿರ ವರ್ಷಗಳ ಆಚೆಗಿನ ಕೃತಿ ಹುಳು, ತೇವಗಳನ್ನು ದಾಟಿ ಬಂದಿತ್ತು. ಇಂದಿನ ಬೀಗ ಗ್ರಂಥವನ್ನು ಕಾಪಾಡುವ ಹೊಣೆ ಹೊರುವುದಿಲ್ಲ. ವ್ಯಾಪಾರ ಗಿಟ್ಟದಿದ್ದರೆ ಕೋಣೆಯನ್ನೇ ಕೆಡವಿ ಹೋಗುತ್ತದೆ.

ಲೇಖಕರ, ಪ್ರಕಾಶಕರ ಮಾತನ್ನೂ ಕೇಳಬೇಕು. ಹೊಸ ಪುಸ್ತಕ ಬಿಡುಗಡೆಯಾದ ವಾರದಲ್ಲೇ ಅದರ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದು ಕನ್ನಡದಂಥ ಸಣ್ಣ ಮಾರುಕಟ್ಟೆಯಲ್ಲಿ ನಿಜವಾದ ಪೆಟ್ಟು. ಅದನ್ನು ಶಾಸ್ತ್ರದಾನವೆಂದು ಕರೆದುಕೊಳ್ಳುವವರಿಗೆ ಅತ್ತಿಮಬ್ಬೆ ಲಿಪಿಕಾರರನ್ನೂ ಕವಿಗಳನ್ನೂ ತನ್ನ ಸ್ವಂತ ಹಣದಿಂದ ಪೋಷಿಸಿದಳೆಂಬುದನ್ನು ನೆನಪಿಸಬೇಕು. ಆದರೆ ಗುಂಪುಗಳಲ್ಲಿ ಹರಿದಾಡುವ ಪ್ರತಿಗಳಿಗೆ ಬೀಗವಿಲ್ಲ. ಬೀಗ ಬೀಳುವುದು ಹಣ ಕೊಟ್ಟವನ ಪ್ರತಿಗೆ ಮಾತ್ರ.

ಇದರೊಡನೆ ಓದಿನ ಏಕಾಂತವೂ ಕೈತಪ್ಪಿದೆ. ಯಾವ ಪುಟದಲ್ಲಿ ಓದು ನಿಂತಿತು, ಯಾವ ಸಾಲಿಗೆ ಗೆರೆ ಎಳೆಯಲಾಯಿತು ಎಂಬುದು ಅಂಗಡಿಯವನಿಗೆ ತಿಳಿಯುತ್ತದೆ. ಒಂದು ವಾಕ್ಯಕ್ಕೆ ಎಷ್ಟು ಓದುಗರು ಗೆರೆ ಎಳೆದಿದ್ದಾರೆಂಬುದನ್ನು ಕಿಂಡಲ್ ಪುಟದ ಮೇಲೆಯೇ ತೋರಿಸುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಧರ್ಮ, ಜಾತಿ, ರಾಜಕಾರಣಗಳ ಬಗ್ಗೆ ಸಂಶೋಧನೆ ಮಾಡುವವನಿಗೆ ತಾನು ಏನನ್ನು ಓದುತ್ತಿದ್ದೇನೆಂಬುದು ಮೂರನೆಯವರ ದಫ್ತರದಲ್ಲಿ ದಾಖಲಾಗದಿರುವುದು ಆ ಹಕ್ಕಿನ ಮೊದಲ ಅಗತ್ಯ.

ಪರಿಹಾರಕ್ಕೆ ದಾರಿಗಳಿಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆಯನ್ನು ಮೊದಲ ಬಾರಿಗೆ ತಂದಿತು. ಸಮಂಜಸ ಕಾರಣವಿಲ್ಲದೆ ಒಬ್ಬರೇ ಕರಾರನ್ನು ಮುರಿಯಬಹುದಾದ ಷರತ್ತು ಅದರ ವ್ಯಾಪ್ತಿಗೆ ಬರುತ್ತದೆ. ತೊಡಕೆಂದರೆ ಅಂಥ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಷ್ಟೇ ಇದೆ. ಇನ್ನೂರು ರೂಪಾಯಿಯ ಪುಸ್ತಕಕ್ಕಾಗಿ ಬೀದರಿನ ವಿದ್ಯಾರ್ಥಿ ಬೆಂಗಳೂರಿನವರೆಗೂ ವ್ಯಾಜ್ಯ ನಡೆಸಿಯಾನೇ? ಈ ಅಧಿಕಾರ ಜಿಲ್ಲಾ ಮಟ್ಟಕ್ಕೆ ಇಳಿಯಬೇಕು. ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಸೇರಿದ 65ಎ ಕಲಮು ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವಾಗಿಸಿದ್ದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿರಬೇಕೆಂದು ಷರತ್ತು ಹಾಕಿದೆ. ಅಧಿನಿಯಮ ನಿಷೇಧಿಸದ ಉದ್ದೇಶಗಳಿಗೆ ವಿನಾಯಿತಿ ಕೊಟ್ಟಿದೆ. ಈ ವಿನಾಯಿತಿಯನ್ನು ಅರಿತ ಗ್ರಂಥಪಾಲಕರು ಎಷ್ಟು ಮಂದಿಯಿದ್ದಾರು? ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಇನ್ನೂ ಸರಳವಾದ ಕ್ರಮ ಕೈಗೊಂಡಿತು: ಕೊಡುತ್ತಿರುವುದು ಪರವಾನಗಿ ಮಾತ್ರವಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಬಾರದು. ಅಷ್ಟನ್ನಾದರೂ ಇಲ್ಲಿ ಕಡ್ಡಾಯ ಮಾಡಲು ದೊಡ್ಡ ಶಾಸನಸುಧಾರಣೆಯೇನೂ ಬೇಕಿಲ್ಲ.

ವಿಶ್ವವಿದ್ಯಾಲಯಗಳ ಹೊಣೆ ಇನ್ನೂ ಹೆಚ್ಚಿನದು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವ್ಯಯಿಸಿ ಸುಮಾರು 13,000 ನಿಯತಕಾಲಿಕೆಗಳನ್ನು ವಿದ್ಯಾಸಂಸ್ಥೆಗಳಿಗೆ ತೆರೆದಿಡುತ್ತದೆ. ಸಣ್ಣ ಊರಿನ ಸರ್ಕಾರಿ ಕಾಲೇಜಿಗೂ ಅದು ವರದಾನವೇ ಸರಿ. ಚಂದಾ ನಿಂತ ದಿನ ಹಳೆಯ ಸಂಪುಟಗಳಲ್ಲಿ ಎಷ್ಟು ಕಪಾಟಿನಲ್ಲಿ ಉಳಿಯುತ್ತವೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಗ್ರಂಥಾಲಯ ಸಮಿತಿಯೂ ಕರಾರಿಗೆ ಸಹಿ ಬೀಳುವ ಮೊದಲು ಕೇಳಬೇಕು. ಹಿಂದೆ ಚಂದಾ ನಿಲ್ಲಿಸಿದರೂ ರಟ್ಟು ಹಾಕಿಸಿದ ಸಂಪುಟಗಳನ್ನು ಯಾರೂ ಹೊತ್ತೊಯ್ಯುತ್ತಿರಲಿಲ್ಲ.

ಕನ್ನಡಕ್ಕೆ ಇಲ್ಲಿ ಒಂದು ವಿಚಿತ್ರ ಅವಕಾಶವಿದೆ. 2016ರಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ತೆರೆದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ಅವಮಾನದ ಅಸಮಾಧಾನ ನ್ಯಾಯವಾದುದೇ. ಆದರೆ ಆ ತಡೆಯಿಂದಾಗಿ ಕನ್ನಡದ ಇ-ಪುಸ್ತಕ ವ್ಯವಸ್ಥೆ ಇನ್ನೂ ಒಂದೇ ಕೈಗೆ ಸಿಕ್ಕಿಲ್ಲ. ಕನ್ನಡದ ಪ್ರಕಾಶಕರು ಯೂನಿಕೋಡ್ ಪಠ್ಯವನ್ನು, ಯಾವ ಉಪಕರಣದಲ್ಲಾದರೂ ತೆರೆಯುವ ರೂಪದಲ್ಲಿ, ಕೊಂಡವರ ಕೈಗೇ ಕೊಡುವ ಪದ್ಧತಿಯನ್ನು ಈಗಲೇ ಹಾಕಿಕೊಳ್ಳಬಹುದು. ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚಾದ ಎಷ್ಟೋ ಸಂಶೋಧನ ಪ್ರಬಂಧಗಳು ಇಂದು ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಇಪ್ಪತ್ತು ವರ್ಷಗಳಲ್ಲಿಯೇ ಕಂಡ ಈ ಪಾಡು ಎಚ್ಚರಿಕೆಯಾಗಬೇಕು.

ಕನ್ನಡ ವಿದ್ವಾಂಸರ ಖಾಸಗಿ ಗ್ರಂಥಸಂಗ್ರಹಗಳು ಅವರ ನಂತರ ಮಠಗಳಿಗೆ, ಕಾಲೇಜುಗಳಿಗೆ, ವಿಶ್ವವಿದ್ಯಾಲಯಗಳಿಗೆ ಸಂದಿರುವ ನಿದರ್ಶನಗಳು ಅನೇಕ. ಅಂಥ ಕಪಾಟುಗಳಲ್ಲಿ ಮೊದಲ ಪುಟದ ಸಹಿ, ಕೊಂಡ ತಾರೀಖು, ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿದ ಪ್ರಶ್ನಾರ್ಥಕ ಚಿಹ್ನೆಗಳನ್ನು ನೋಡುತ್ತಲೇ ಮುಂದಿನ ತಲೆಮಾರು ಕಲಿತಿದೆ. ಪುಸ್ತಕಗಳಿಗೆ ಮೂವತ್ತು ವರ್ಷ ಹಣ ತೆತ್ತ ಇಂದಿನ ಅಧ್ಯಾಪಕರೊಬ್ಬರು ತಮ್ಮ ಸಂಗ್ರಹವನ್ನು ತಾವು ಓದಿದ ಕಾಲೇಜಿಗೆ ಬಿಟ್ಟುಹೋಗಲು ಬಯಸಿದರೆ, ಅವರ ಉಯಿಲಿನಲ್ಲಿ ಬರೆಯಲು ಒಂದು ಖಾತೆಯ ಸಂಖ್ಯೆ ಇರುತ್ತದೆ. ಅದು ವರ್ಗಾವಣೆಗೆ ಒಳಪಡುವುದಿಲ್ಲವೆಂದು ಅವರೇ ಮೊದಲ ದಿನ ಒಪ್ಪಿ ಗುಂಡಿ ಒತ್ತಿರುತ್ತಾರೆ.