ಯಂತ್ರಕ್ಕೂ ತಾಳ್ಮೆ ಬೇಕು



ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುವುದು ಈಗ ವಾಡಿಕೆಯಂತಾಗಿದೆ. ಕಣದಲ್ಲಿ ಕಾಫಿ ಒಣಗದು, ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸಂಘದಿಂದ ಸ್ವಯಂಚಾಲಿತ ಡ್ರೈಯರ್ ಒಂದನ್ನು ಕೊಳ್ಳಬೇಕೆಂಬ ಸಲಹೆ ಬಂದಿದೆ. ಅದು ತಾನೇ ಪರಿಸ್ಥಿತಿಗೆ ಹೊಂದಿಕೊಳ್ಳುತ್ತದೆಂದು ಮಾರುವವರು ಹೇಳುತ್ತಾರೆ. ನಾನು ಬೇಡವೆನ್ನಲಾರೆ. ಆದರೆ ಷೇರುದಾರರ ಹಣ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಲೇಬೇಕು.

ಡ್ರೈಯರಿನಲ್ಲಿ ಶಾಖ, ಗಾಳಿ ಎರಡೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ. ಗಾಳಿ ಹೆಚ್ಚಿಸಿದರೆ ತೇವ ಹೋಗುತ್ತದೆ, ಜೊತೆಗೆ ಶಾಖವೂ ಇಳಿಯುತ್ತದೆ. ಮೇಲಾಗಿ ಇಂದಿನ ಹಣ್ಣಿನ ತೇವ ನಾಳೆಯದಲ್ಲ, ಸೌದೆಯೂ ಹಾಗೆಯೇ. ಇಂಥಲ್ಲಿ ಒಂದೇ ಲೆಕ್ಕ ಸಾಲದು. ಅದಕ್ಕೆಂದೇ ಎಂಜಿನಿಯರರು ಹಲವು ಲೆಕ್ಕಗಳನ್ನು ಯಂತ್ರದೊಳಗಿಟ್ಟು, ಸದ್ಯದ ಸ್ಥಿತಿಗೆ ಯಾವುದು ಹತ್ತಿರವೋ ಅದಕ್ಕೆ ಬದಲಾಯಿಸುವ ಉಪಾಯ ಕಂಡುಕೊಂಡರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟೀಫನ್ ಮೋರ್ಸ್, ಕುಂಪಟಿ ನರೇಂದ್ರ ಮೊದಲಾದವರು 1990ರ ದಶಕದಲ್ಲಿ ಇದರ ಗಣಿತವನ್ನು ಬೆಳೆಸಿದರು.

ಈ ಶಾಸ್ತ್ರ ಕಲಿಸುವ ಪಾಠವೊಂದಿದೆ. ಒಂದೊಂದು ಲೆಕ್ಕವೂ ಒಳ್ಳೆಯದೇ ಇರಬಹುದು. ಆದರೂ ಅವಸರದಿಂದ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಇಡೀ ವ್ಯವಸ್ಥೆ ಹದ ತಪ್ಪಬಹುದು. ಗಳಿಗೆಗೊಂದು ಹುಕುಂ ಕೊಡುವ ಮೇಸ್ತ್ರಿಯ ಕೈಕೆಳಗೆ ತೋಟದ ಕೆಲಸ ಏನಾದೀತು? ಆದ್ದರಿಂದ ಬದಲಾಯಿಸಿದ ಮೇಲೆ ಇಂತಿಷ್ಟು ಹೊತ್ತು ಕಾಯಬೇಕು, ಇಲ್ಲವೇ ಹೊಸದು ಹಳೆಯದಕ್ಕಿಂತ ಸ್ಪಷ್ಟವಾಗಿ ಮೇಲೆಂದು ಕಂಡಾಗ ಮಾತ್ರ ಬದಲಾಯಿಸಬೇಕು ಎಂಬ ಕಟ್ಟಳೆ ಬಂತು.

ತಾನೇ ಹೊಂದಿಕೊಳ್ಳುವ ಯಂತ್ರವೂ ತಪ್ಪೀತೆಂಬುದಕ್ಕೆ ಹಳೆಯ ನಿದರ್ಶನವಿದೆ. 1967ರ ನವೆಂಬರ್ 15ರಂದು ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ ಗಿರಕಿಗೆ ಸಿಕ್ಕಿತು. ಗಿರಕಿ ನಿಂತ ಮೇಲೂ ಅದರ ನಿಯಂತ್ರಕ ತನ್ನ ಬಿರುಸನ್ನು ತಗ್ಗಿಸದೆ ವಿಮಾನವನ್ನು ಓಲಾಡಿಸಿತು. ವಿಮಾನ ಆಕಾಶದಲ್ಲೇ ಒಡೆದು ಪೈಲಟ್ ಮೈಕೆಲ್ ಆಡಮ್ಸ್ ತೀರಿಕೊಂಡರು.

ನಮ್ಮಲ್ಲಿ ಹೋಗುವುದು ಪ್ರಾಣವಲ್ಲ, ಒಂದು ವರ್ಷದ ದುಡಿಮೆ. ಅತಿ ಶಾಖ ತಗುಲಿದ ಪಾರ್ಚ್‌ಮೆಂಟ್ ಮತ್ತೆ ಸರಿಹೋಗದು. ಆದ್ದರಿಂದ ಕೇಳಿ: ಯಂತ್ರ ತನ್ನ ಲೆಕ್ಕ ಬದಲಿಸುವ ಮುನ್ನ ಎಷ್ಟು ಹೊತ್ತು ಕಾಯುತ್ತದೆ? ಹದ ತಪ್ಪಿದರೆ ನಮ್ಮ ಆಳು ಅದನ್ನು ಕೂಡಲೇ ಕೈಗೆ ತೆಗೆದುಕೊಳ್ಳಬಹುದೇ? ಒಂದೇ ದಿನ ಹಸಿ ಕಾಫಿಯನ್ನೂ ಅರೆ ಒಣಗಿದ್ದನ್ನೂ ಒಂದಾದ ಮೇಲೊಂದರಂತೆ ಹಾಕಿ ನಮ್ಮೆದುರೇ ಒಣಗಿಸಿ ತೋರಿಸಲಿ.

ಉತ್ತರ ತೃಪ್ತಿಕರವಾದರೆ ಕೊಳ್ಳೋಣ. ಇಲ್ಲವಾದರೆ ಇನ್ನೊಂದು ಹಂಗಾಮು ಕಾಯುವುದೇ ಲೇಸೆಂದು ನನ್ನ ಅಭಿಪ್ರಾಯ.

— ಕಾರ್ಯದರ್ಶಿ